ಮೂರು ಹಳೇ ಕ್ಯಾಮೆರಾ, ಒಂದು ಗಂಟಿನ ದಾರ: ನೀರೊಳಗಿನ ಗುಹೆಯನ್ನು ಅಳೆದ ನನ್ನ ಅನುಭವ

ಕಳೆದ ತಿಂಗಳು ಪಾಟ್‌ಹೋಲ್ ಕಡೆಗೂ ತನ್ನ ಜಾಗಕ್ಕೆ ಬಂದು ಕೂತಿತು. ಪಾಟ್‌ಹೋಲ್ ಅಂದರೆ ನೀರೊಳಗಿನ ಗುಹೆಯೊಂದು ಕಾಡಿನ ನೆಲಕ್ಕೆ ತೆರೆದುಕೊಳ್ಳುವ ಗುಂಡಿ. ನನ್ನ ಕಂಪ್ಯೂಟರಿನಲ್ಲಿರುವ ಗುಹೆಯ ಪಾಟ್‌ಹೋಲ್‌ಗೂ ಕಾಡಿನಲ್ಲಿರುವ ನಿಜವಾದ ಗುಂಡಿಗೂ ಈಗಿರುವ ವ್ಯತ್ಯಾಸ 3 ಅಡಿ ಚಿಲ್ಲರೆ. ಎರಡು ವರ್ಷದ ಹಿಂದೆ ಮೊದಲ ಸಲ ಮಾಡಿದಾಗ ಅದು 58 ಅಡಿ ಇತ್ತು. ಹಳೇ ಕ್ಯಾಮೆರಾದ ವಿಡಿಯೋದಿಂದ ಗುಹೆಯ ಅಳತೆ ತೆಗೆಯೋಕೆ ಆಗೋದಿಲ್ಲ ಅಂತ ಹೇಳಿದವರು ತುಂಬಾ ಜನ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫ್ಲಾರಿಡಾದ ಉತ್ತರ ಭಾಗದಲ್ಲಿ, ಸುವಾನಿ ನದಿಯ ಹತ್ತಿರ, ಲ್ಯುರಾವಿಲ್ ಅನ್ನೋ ಸಣ್ಣ ಊರಿದೆ. ಅಲ್ಲಿರೋದು ವೆಸ್ ಸ್ಕೈಲ್ಸ್ ಪೀಕಾಕ್ ಸ್ಪ್ರಿಂಗ್ಸ್ ಸ್ಟೇಟ್ ಪಾರ್ಕ್. ಮೇಲಿಂದ ನೋಡಿದರೆ ಕಾಡು, ನಡುವೆ ಒಂದೆರಡು ಬುಗ್ಗೆ, ಅಲ್ಲಲ್ಲಿ ನೆಲ ಕುಸಿದು ನೀರು ತುಂಬಿದ ಗುಂಡಿಗಳು. ಕೆಳಗೆ ಸುಣ್ಣಕಲ್ಲಿನೊಳಗೆ ಎಲ್ಲ ಒಂದಕ್ಕೊಂದು ಸೇರಿಕೊಂಡಿವೆ. ಅಳತೆ ಆಗಿರುವ ದಾರಿಯೇ ಸುಮಾರು 33,000 ಅಡಿ, ಅಂದರೆ 10 ಕಿಲೋಮೀಟರು. ನಾನಿರೋದು ಜಾಕ್ಸನ್‌ವಿಲ್‌ನಲ್ಲಿ. ಕಾರಿನಲ್ಲಿ ಎರಡು ಗಂಟೆ ದಾರಿ. ಸಾಫ್ಟ್‌ವೇರ್ ಕೆಲಸ. ಊರು ವಿಟ್ಲದ ಹತ್ತಿರ. ನೀರೊಳಗಿನ ಗುಹೆಗೆ ಡೈವ್ ಮಾಡುವ ಕೋರ್ಸ್ ಪೂರ್ತಿ ಮುಗಿಸಿ ಆರು ವರ್ಷ ಆಯಿತು.

ಇದನ್ನು ಓದುವವರಲ್ಲಿ ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಡೈವ್ ಮಾಡಿದವರು ಇರುತ್ತೀರಿ. ಸಮುದ್ರದ ಡೈವಿಂಗ್ ಕಲಿತ ಸರ್ಟಿಫಿಕೇಟ್ ಕಾರ್ಡ್ ಇಟ್ಟುಕೊಂಡು ಗುಹೆಯ ಬಾಯಿ ದಾಟಬೇಡಿ. ಇಲ್ಲಿನ ಗುಹೆಗಳ ಬಾಯಲ್ಲಿ ಸಾವಿನ ಚಿತ್ರ ಬರೆದ ಬೋರ್ಡ್ ಸುಮ್ನೆ ನೆಟ್ಟಿಲ್ಲ. ತೆರೆದ ನೀರಲ್ಲಿ ಕಲಿಸುವ ಮೇಷ್ಟ್ರುಗಳೇ ಎಷ್ಟೋ ಮಂದಿ ಒಳಗೆ ಹೋಗಿ ತಿರುಗಿ ಬಂದಿಲ್ಲ. ಗುಹೆಯ ತರಬೇತಿ ಆದವರಿಗೆ ಸಾಮಾನು, ಗಾಳಿಯ ಲೆಕ್ಕ, ಹೊರಬರುವ ದಾರಿ ತಪ್ಪದಿರಲು ಗುಹೆಯೊಳಗೆ ಕಟ್ಟಿರುವ ದಾರದ ಶಿಸ್ತು ಎಲ್ಲಾ ಗೊತ್ತೇ ಇರುತ್ತದೆ. ಅದನ್ನು ಮತ್ತೆ ಹೇಳುವುದಿಲ್ಲ.

ನಾನು ಮಾಡಹೊರಟಿದ್ದು ಇಷ್ಟೇ. ಪೀಕಾಕ್-1 ಅನ್ನೋ ಬುಗ್ಗೆಯ ಬಾಯಿಯಿಂದ ಪಾಟ್‌ಹೋಲ್‌ವರೆಗೆ ಸುಮಾರು 500 ಅಡಿ ದಾರಿ. ಅಲ್ಲಿನ ಗೋಡೆ, ಸೂರು, ನೆಲ ಎಲ್ಲವನ್ನೂ ವಿಡಿಯೋ ಮಾಡಿ, ಆ ಚಿತ್ರಗಳಿಂದಲೇ ಮೂರು ಆಯಾಮದ ಮಾದರಿ ಕಟ್ಟಬೇಕು. ಅದು ಬರೀ ನೋಡೋಕೆ ಚೆನ್ನಾಗಿದ್ದರೆ ಸಾಲದು, ಅಳತೆಗೂ ಸರಿ ಇರಬೇಕು. ಕೈಯಲ್ಲಿ ಬರೆದ ಒಳ್ಳೇ ನಕ್ಷೆಗಳು ಮೊದಲೇ ಇವೆ. ಆದರೆ ಆ ನಕ್ಷೆಯಲ್ಲಿ ಗೋಡೆಯ ಉಬ್ಬುತಗ್ಗು ಕಾಣಿಸೋದಿಲ್ಲ. ಇವತ್ತು ಹೀಗಿರುವ ಗೋಡೆ ಇನ್ನು ಹತ್ತು ವರ್ಷಕ್ಕೆ ಹೇಗಿರುತ್ತದೆ ಅಂತ ಹೋಲಿಸಿ ನೋಡಲು ಏನಾದರೂ ಬೇಕು ಅಂತ ನನಗೆ ಅನ್ನಿಸಿತ್ತು.

ಇದನ್ನು ಮೊದಲು ಮಾಡಿದ್ದು ನಾನೇನಲ್ಲ. 1998-99ರಲ್ಲಿ ವಕಲಾ ಬುಗ್ಗೆಯಲ್ಲಿ ಬಿಲ್ ಸ್ಟೋನ್ ಅವರ ತಂಡ ಸುತ್ತಲೂ ಸೋನಾರ್ (ಶಬ್ದ ಕಳಿಸಿ ದೂರ ಅಳೆಯುವ ಸಾಧನ) ಜೋಡಿಸಿದ ಯಂತ್ರ ಓಡಿಸಿ ಗುಹೆಯ ಮೂರು ಆಯಾಮದ ನಕ್ಷೆ ತೆಗೆದಿತ್ತು. ಮೆಕ್ಸಿಕೋದ ಓಯೋ ನೆಗ್ರೋ ಗುಂಡಿಯಲ್ಲಿ 2007ರಲ್ಲಿ ಸಾವಿರಾರು ವರ್ಷ ಹಳೆಯ ಹುಡುಗಿಯ ಅಸ್ಥಿಪಂಜರ ಸಿಕ್ಕಿತಲ್ಲ, ಅಲ್ಲೂ ಆಮೇಲೆ ಹೀಗೇ ಚಿತ್ರಗಳಿಂದ ಮಾದರಿ ಕಟ್ಟಿದರು. ಆದರೆ ಅವೆಲ್ಲ ದೊಡ್ಡ ತಂಡಗಳು, ದೊಡ್ಡ ದುಡ್ಡು. ನನ್ನ ಹತ್ತಿರ ಇದ್ದಿದ್ದು ಪಕ್ಕೆಗೆ ಕಟ್ಟಿಕೊಳ್ಳುವ (ಸೈಡ್‌ಮೌಂಟ್) ಎರಡು ಟ್ಯಾಂಕು, ಶನಿವಾರ, ಮತ್ತೆ ಒಬ್ಬ ಜೊತೆಗಾರ. ಅವನು ಇಲ್ಲಿಯವನೇ. ಕೊಳಾಯಿ ಕೆಲಸ ಮಾಡುತ್ತಾನೆ. ಅವನಷ್ಟು ತಣ್ಣಗೆ ಇರುವ ಮನುಷ್ಯನನ್ನು ನೀರೊಳಗೆ ನಾನು ಇನ್ನೊಬ್ಬನನ್ನು ನೋಡಿಲ್ಲ.

ಟ್ಯಾಂಕ್ ತುಂಬಿಸುವ ಕಡೆ ಒಬ್ಬ ಹಿರಿಯರು ಸಿಗುತ್ತಾರೆ. ನಾನು ಹುಟ್ಟುವ ಮೊದಲಿಂದ ಗುಹೆಗಿಳಿಯುತ್ತಿರುವವರು. ನನ್ನ ಮಾತು ಪೂರ್ತಿ ಕೇಳಿ ಹೇಳಿದರು: "ರೀಬ್ರೀದರ್ ಇಲ್ಲ. ಸ್ಕೂಟರ್ ಇಲ್ಲ. ಒಳ್ಳೇ ಕ್ಯಾಮೆರಾ ಇಲ್ಲ. ನಿನಗೆ ಸಿಗೋದು ಗಂಜಿ." ರೀಬ್ರೀದರ್ ಅಂದರೆ ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಕೊಡುವ, ಗುಳ್ಳೆ ಬಿಡದ ಸಾಧನ. ಸ್ಕೂಟರ್ ಅಂದರೆ ನೀರೊಳಗೆ ನಮ್ಮನ್ನು ಎಳೆದುಕೊಂಡು ಹೋಗುವ ಮೋಟಾರು. ಬೆಂಗಳೂರಿನಲ್ಲಿ ಚಿತ್ರಗಳಿಂದ ಮಾದರಿ ಕಟ್ಟುವ ಕ್ಷೇತ್ರದಲ್ಲೇ ಕೆಲಸ ಮಾಡುವ ಗೆಳೆಯನೂ ಬೇರೆ ಕಾರಣ ಕೊಟ್ಟು ಅದನ್ನೇ ಹೇಳಿದ. ದೀಪ ಕ್ಯಾಮೆರಾ ಜೊತೆಗೇ ಚಲಿಸಿದರೆ ನೆರಳೂ ಚಲಿಸುತ್ತದೆ, ಕಂಪ್ಯೂಟರಿಗೆ ಒಂದು ಚಿತ್ರ ಇನ್ನೊಂದಕ್ಕೆ ಹೊಂದೋದೇ ಇಲ್ಲ ಅಂದ. ಮೊದಲ 26 ಡೈವ್‌ಗಳಲ್ಲಿ ಇಬ್ಬರ ಮಾತೂ ನಿಜವಾಯಿತು.

ಮೊದಲು ಬೆಳಕಿನ ಕಥೆ. ಅಗಲವಾಗಿ ಹರಡುವ ನಾಲ್ಕು ಅಗ್ಗದ ದೀಪ ತರಿಸಿದೆ. ನಾಲ್ಕಕ್ಕೂ ಸೇರಿ 320 ಡಾಲರ್ ಇರಬೇಕು. ಮೂರನೇ ಡೈವ್‌ನಲ್ಲಿ ಒಂದರೊಳಗೆ ನೀರು ಹೋಯಿತು, ಐದನೆಯದರಲ್ಲಿ ಇನ್ನೊಂದಕ್ಕೆ. ಉಳಿದೆರಡು ಬದುಕಿದ್ದರೂ ಪ್ರಯೋಜನ ಇರಲಿಲ್ಲ. ಒಂದೇ ಕಡೆಯಿಂದ ಬೆಳಕು ಬಿದ್ದರೆ ಪ್ರತಿ ಕಲ್ಲಿನ ಹಿಂದೆಯೂ ಕಪ್ಪು ನೆರಳು. ನಾವು ಮುಂದೆ ಸರಿದ ಹಾಗೆ ಆ ನೆರಳು ಗೋಡೆಯ ಮೇಲೆ ಹಾವಿನ ಹಾಗೆ ಹರಿಯುತ್ತದೆ. ಕಂಪ್ಯೂಟರ್ ಆ ನೆರಳನ್ನೇ ಕಲ್ಲು ಅಂದುಕೊಳ್ಳುತ್ತದೆ. ಎರಡನೇ ಸಲ 850 ಡಾಲರ್ ಕೊಟ್ಟು ಆರು ದೀಪ ತಗೊಂಡೆ. ಜೊತೆಗಾರ ಪಿವಿಸಿ ಪೈಪಿನಿಂದ ಅಷ್ಟಕೋನದ ಚೌಕಟ್ಟು ಮಾಡಿಕೊಟ್ಟ. ಪೈಪಿಗೆ ತೂತು ಕೊರೆದು ನೀರು ತುಂಬುವ ಹಾಗೆ ಮಾಡಬೇಕು, ಇಲ್ಲದಿದ್ದರೆ ಚೌಕಟ್ಟು ನಿಮ್ಮನ್ನೇ ಸೂರಿಗೆ ಎತ್ತಿಕೊಂಡು ಹೋಗುತ್ತದೆ. ದೀಪಗಳ ಮುಂದೆ ಹಾಲಿನ ಪ್ಲಾಸ್ಟಿಕ್ ಕ್ಯಾನ್ ಕತ್ತರಿಸಿ ಕಟ್ಟಿದೆ. ಬೆಳಕು ಮೆತ್ತಗಾಗಿ ಎಲ್ಲಾ ಕಡೆಗೂ ಹರಡಿತು, ನೆರಳು ಮುಕ್ಕಾಲು ಪಾಲು ಹೋಯಿತು. ಅಂಗಡಿಯಲ್ಲಿ ಸಿಗುವ ಡಿಫ್ಯೂಸರ್‌ಗಿಂತ ಹಾಲಿನ ಕ್ಯಾನೇ ಒಳ್ಳೆಯದು. ಎರಡನ್ನೂ ಹಾಕಿ ನೋಡಿಯೇ ಹೇಳುತ್ತಿದ್ದೇನೆ. ದೀಪಗಳನ್ನು ಯಾವ ಕೋನದಲ್ಲಿ ತಿರುಗಿಸಿಟ್ಟಿದ್ದೇನೆ ಅನ್ನೋದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಹುಡುಕೋಕೆ ನನಗೆ ಹನ್ನೊಂದು ಡೈವ್ ಹಿಡಿಯಿತು.

ಕ್ಯಾಮೆರಾ ವಿಷಯದಲ್ಲಿ ಮೂರು ತಪ್ಪು ಮಾಡಿದ್ದೆ. ವಿಡಿಯೋ ಅಲುಗಾಡದ ಹಾಗೆ ಕ್ಯಾಮೆರಾ ತಾನೇ ಚಿತ್ರವನ್ನು ಸರಿಪಡಿಸುತ್ತದಲ್ಲ, ಅದನ್ನು ಆಫ್ ಮಾಡಿರಲಿಲ್ಲ. ಅದು ಆನ್ ಇದ್ದರೆ ಪ್ರತಿ ಚಿತ್ರವನ್ನೂ ಒಂದಿಷ್ಟು ಎಳೆದು ಕತ್ತರಿಸಿರುತ್ತದೆ, ಅಳತೆ ಅಲ್ಲಿಗೇ ಕೆಟ್ಟಿತು. ಎಕ್ಸ್‌ಪೋಷರ್, ಅಂದರೆ ಎಷ್ಟು ಬೆಳಕು ಒಳಬಿಡಬೇಕು ಅನ್ನೋದು, ಆಟೋದಲ್ಲಿತ್ತು. ಮತ್ತೆ ಲೆನ್ಸಿನ ಅಳತೆಯನ್ನು ಮನೆಯಲ್ಲಿ ಗಾಳಿಯಲ್ಲೇ ಮಾಡಿದ್ದೆ. ನೀರೊಳಗೆ ಬೆಳಕು ಬಾಗುವ ರೀತಿಯೇ ಬೇರೆ, ಗಾಳಿಯಲ್ಲಿ ತೆಗೆದ ಲೆಕ್ಕ ನೀರಿಗೆ ಬರುವುದಿಲ್ಲ. ಚೆಸ್ ಬೋರ್ಡಿನ ಹಾಗೆ ಚೌಕ ಮುದ್ರಿಸಿದ ಪ್ಲಾಸ್ಟಿಕ್ ಹಲಗೆ ಹಿಡಿದುಕೊಂಡು ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಎರಡು ಸಂಜೆ ಕೂತೆ. ಆಮೇಲೆ ಬುಗ್ಗೆಯ ನೀರಲ್ಲೇ ಇನ್ನೊಂದು ಸಲ ಮಾಡಿದೆ. ಎರಡಕ್ಕೂ ಹೆಚ್ಚು ವ್ಯತ್ಯಾಸ ಬರಲಿಲ್ಲ. ಈಜುಕೊಳ ಸಾಕು.

ಇನ್ನು ಗುಳ್ಳೆ. ಹಿರಿಯರು ರೀಬ್ರೀದರ್ ಬೇಕು ಅಂದಿದ್ದು ಇದಕ್ಕೇ. ನಾವು ಬಿಟ್ಟ ಗಾಳಿ ಸೂರಿಗೆ ತಾಗಿ ಅಲ್ಲಿ ಕೂತ ಮಣ್ಣೆಲ್ಲ ಉದುರಿಸುತ್ತದೆ. ಕ್ಯಾಮೆರಾ ಮುಂದೆ ಹಿಮ ಬಿದ್ದ ಹಾಗೆ. ರೀಬ್ರೀದರಿಗೆ ಹತ್ತು ಸಾವಿರ ಡಾಲರ್, ಅದರ ತರಬೇತಿ ಬೇರೆ. ಅಷ್ಟು ನನ್ನಲ್ಲಿ ಇರಲಿಲ್ಲ. ಯೋಚಿಸಿ ನೋಡಿದರೆ ಮಣ್ಣು ಉದುರೋದು ನಾವು ಹೋದ ಮೇಲೆ, ನಮ್ಮ ಹಿಂದೆ. ಪೀಕಾಕ್‌ನಲ್ಲಿ ಹರಿವು ಕಡಿಮೆ, ಆದರೂ ಇರುವಷ್ಟು ಹರಿವು ಹೊರಗಿನ ಕಡೆಗೇ. ಹಾಗಾಗಿ ಒಳಗೆ ಹೋಗುವಾಗ ಮಾತ್ರ ಶೂಟ್ ಮಾಡೋದು, ಬರುವಾಗ ಕ್ಯಾಮೆರಾ ಬಂದ್. ಜೊತೆಗಾರ ಹಿಂದೆ ಇರಬೇಕು, ಎಂದೂ ಮುಂದೆ ಅಲ್ಲ. ಒಂದು ಡೈವ್‌ಗೆ ಒಂದೇ ಗೋಡೆ. ಎಡ ಗೋಡೆ ಒಂದು ದಿನ, ಬಲ ಒಂದು ದಿನ, ಸೂರು ಇನ್ನೊಂದು ದಿನ. ಡೈವ್‌ಗಳ ಲೆಕ್ಕ ಮೂರರಷ್ಟಾಗುತ್ತದೆ, ನಿಜ. ಆದರೆ ಹತ್ತು ಸಾವಿರ ಡಾಲರಿಗೆ ಎಷ್ಟು ಡೈವ್ ಬರುತ್ತದೆ ಲೆಕ್ಕ ಹಾಕಿ ನೋಡಿ.

ಹದಿನೇಳನೇ ಡೈವ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು.

ಆಗ ನಾನು ಅಂಗೈಯಗಲದ ಕಾರ್ಡ್‌ಗಳನ್ನು ಬಳಸೋಕೆ ಶುರು ಮಾಡಿದ್ದೆ. ಕಪ್ಪು ಬಿಳಿ ಚೌಕದ ಗುರುತು ಇರುವ ಪ್ಲಾಸ್ಟಿಕ್ ಕಾರ್ಡು, ಪ್ರತಿಯೊಂದಕ್ಕೂ ಬೇರೆ ಬೇರೆ ಗುರುತು. ಚಿತ್ರದಲ್ಲಿ ಅದು ಕಂಡರೆ ಕಂಪ್ಯೂಟರ್ ತಾನೇ ಇದು ಏಳನೇ ಕಾರ್ಡು, ಇದು ಎಂಟನೇದು ಅಂತ ಗುರುತಿಸುತ್ತದೆ. ಪಾರ್ಕಿನ ಕಚೇರಿಗೆ ಏನೇನು ಮಾಡುತ್ತೇವೆ ಅಂತ ಬರೆದು ಕೊಟ್ಟು ಒಪ್ಪಿಗೆ ತಗೊಂಡಿದ್ದೆವು. ಇಟ್ಟಿದ್ದನ್ನೆಲ್ಲ ಅದೇ ದಿನ ತೆಗೆಯಬೇಕು ಅನ್ನೋ ಷರತ್ತು. ನಾನು ಸುಲಭ ಅಂತ ಅವನ್ನು ಗುಹೆಯ ಮುಖ್ಯ ದಾರಕ್ಕೇ ಕ್ಲಿಪ್ ಹಾಕಿ ಸಿಕ್ಕಿಸಿದ್ದೆ. ಆ ದಿನ ಬೇರೆ ಯಾರೂ ಒಳಗೆ ಇರಲಿಲ್ಲ. ಆದರೂ ಹಿರಿಯರು ಮೊದಲೇ ಬೇಡ ಅಂದಿದ್ದರು. "ಕತ್ತಲಲ್ಲಿ ಜೀವ ಇರೋದು ಆ ದಾರದಲ್ಲಿ. ಅದಕ್ಕೆ ನಿನ್ನ ಆಟದ ಸಾಮಾನು ಕಟ್ಟಬೇಡ" ಅಂತ. ಒಂದೇ ದಿನಕ್ಕೆ ಏನಾಗುತ್ತದೆ ಅಂದುಕೊಂಡೆ.

ಸುಮಾರು 400 ಅಡಿ ಒಳಗೆ, ಬಲ ಗೋಡೆಯ ಹತ್ತಿರ ಚೌಕಟ್ಟು ತಿರುಗಿಸುವಾಗ ಅದರ ಮೂಲೆ ನೆಲದ ಜೇಡಿಗೆ ತಾಗಿತು. ಬಿಡಿಸಿಕೊಳ್ಳೋಕೆ ಹೋಗಿ ಫಿನ್ ಬೀಸಿದೆ. ಅಷ್ಟೇ. ಆರು ದೀಪ ಉರಿಯುತ್ತಿದ್ದರೂ ಕಣ್ಣಮುಂದೆ ರಾಗಿ ಅಂಬಲಿ ಸುರಿದ ಹಾಗಾಯಿತು. ಗೇಜನ್ನು ಮಾಸ್ಕಿಗೆ ಒತ್ತಿ ಹಿಡಿದರೂ ಕಾಣಲಿಲ್ಲ. ಚೌಕಟ್ಟನ್ನು ಅಲ್ಲೇ ಬಿಟ್ಟು ದಾರ ಹಿಡಿದೆ. ಹೆಬ್ಬೆರಳು ತೋರುಬೆರಳು ಉಂಗುರ ಮಾಡಿ ಅದರೊಳಗೆ ದಾರ. ಜೊತೆಗಾರನ ಕೈ ನನ್ನ ತೋಳಿಗೆ ಬಂತು. ಅವನು ಒಂದು ಸಲ ತಳ್ಳಿದ, ಹೊರಟೆವು. ಇಲ್ಲಿಯವರೆಗೆ ಎಲ್ಲಾ ಕಲಿತ ಹಾಗೇ ಆಯಿತು.

ಆಮೇಲೆ ನನ್ನ ಬೆರಳಿಗೆ ಒಂದು ಪ್ಲಾಸ್ಟಿಕ್ ತುಂಡು ತಾಗಿತು. ದಾರದ ಮೇಲೆ ಏನೋ ಇದೆ. ಹೊರದಾರಿ ತೋರಿಸಲು ದಾರಕ್ಕೆ ಸಿಕ್ಕಿಸುವ ಬಾಣವಾ? ಬಾಣವಾದರೆ ತುದಿ ಯಾವ ಕಡೆ? ದಾರಿ ಕವಲೊಡೆಯುವ ಜಾಗಕ್ಕೆ ಬಂದೆವಾ? ಅದು ನಾನೇ ಸಿಕ್ಕಿಸಿದ ಕಾರ್ಡು. ನಾನೇ ಇಟ್ಟಿದ್ದನ್ನು ಗುರುತು ಹಿಡಿಯೋಕೆ ನನಗೆ ಎಷ್ಟೋ ಹೊತ್ತು ಬೇಕಾಯಿತು. ಹತ್ತು ಸೆಕೆಂಡ್ ಇದ್ದಿರಬಹುದು. ನನ್ನ ಜೊತೆ ಇನ್ನೊಬ್ಬ ಮನುಷ್ಯ ಇದ್ದ, ಅವನ ಮನೆಯಲ್ಲಿ ಎರಡು ಮಕ್ಕಳಿದ್ದವು. ಬೇರೆ ಯಾವುದೋ ತಂಡ ಒಳಗೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ.

ಹೊರಗೆ ಬಂದಾಗ ಟ್ಯಾಂಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿ ಇತ್ತು. ಮಾಮೂಲಿ ನಿಯಮ ಮೂರನೇ ಒಂದು ಭಾಗ ಬಳಸಿದ ಮೇಲೆ ತಿರುಗೋದು. ನಾವು ಕ್ಯಾಮೆರಾ ಕೆಲಸ ಇರುವಾಗ ಕಾಲು ಭಾಗಕ್ಕೇ ತಿರುಗುತ್ತೇವೆ, ಯಾಕೆಂದರೆ ಗಮನ ಹಂಚಿಹೋಗಿರುತ್ತದೆ. ಆ ನಿಯಮಗಳನ್ನು ಬರೆದುಕೊಟ್ಟವರು ಶೆಕ್ ಎಕ್ಸ್‌ಲಿ. ಇದೇ ಸೀಮೆಯವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಸತ್ತವರ ಒಂದೊಂದು ಘಟನೆಯನ್ನೂ ಬಿಡಿಸಿ ನೋಡಿ, ಎಲ್ಲಿ ತಪ್ಪಿತು ಅಂತ 1979ರಲ್ಲಿ ಒಂದು ಚಿಕ್ಕ ಪುಸ್ತಕ ಮಾಡಿದರು. ಎಡೆಬಿಡದ ದಾರ, ಗಾಳಿಯ ಮೂರನೇ ಒಂದು ಲೆಕ್ಕ, ಆಳದ ಮಿತಿ. ಎಷ್ಟು ಜೀವ ಉಳಿದಿದೆಯೋ ಅದರಿಂದ. ಅವರು 1994ರಲ್ಲಿ ಮೆಕ್ಸಿಕೋದ ಸಕಟೋನ್‌ನಲ್ಲಿ ತೀರಿಕೊಂಡರು. ಪಾರ್ಕಿಗೆ ಹೆಸರಿಟ್ಟಿರುವ ವೆಸ್ ಸ್ಕೈಲ್ಸ್ ಅವರೂ ಇಲ್ಲ, 2010ರಲ್ಲಿ ಹೋದರು. ಈ ಗುಹೆಗಳ ಒಳಗನ್ನು ಹೊರಗಿನ ಜನಕ್ಕೆ ಕ್ಯಾಮೆರಾದಲ್ಲಿ ತೋರಿಸಿಕೊಟ್ಟವರಲ್ಲಿ ಅವರು ದೊಡ್ಡವರು. ಬೆಳಕಿನ ವಿಷಯ ತಲೆಕೆಡಿಸಿಕೊಂಡು ಕೂತಾಗೆಲ್ಲ ನನಗೆ ಅವರ ನೆನಪಾಗುತ್ತದೆ.

ಮರುದಿನ ನೀರು ತಿಳಿಯಾದ ಮೇಲೆ ಹೋಗಿ ಚೌಕಟ್ಟು, ಕಾರ್ಡು ಎಲ್ಲಾ ತಂದೆವು. ಅವತ್ತಿನಿಂದ ಮುಖ್ಯ ದಾರಕ್ಕೆ ನಾನು ಏನನ್ನೂ ಮುಟ್ಟಿಸಿಲ್ಲ. ಕಾರ್ಡಿನ ಹಿಂದೆ ಸೀಸದ ತುಂಡು ಅಂಟಿಸಿ ನೆಲದ ಕಲ್ಲಿನ ಮೇಲೆ, ದಾರದಿಂದ ಮೂರಡಿ ದೂರ ಇಡುತ್ತೇನೆ. ಹಿರಿಯರ ಹತ್ತಿರ ಹೋಗಿ ಆಗಿದ್ದನ್ನು ಆಗಿದ್ದ ಹಾಗೇ ಹೇಳಿದೆ. ಅವರು ಬಯ್ಯಲಿಲ್ಲ.

ಇಷ್ಟೆಲ್ಲ ಆದ ಮೇಲೂ ಮಾದರಿ ಬಾಗುತ್ತಿತ್ತು. ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಕಾಟ ಇದು, ಬಾಳೆಹಣ್ಣಿನ ಕಾಟ. ಉದ್ದನೆಯ ದಾರಿಯಲ್ಲಿ ಒಂದೊಂದು ಚಿತ್ರದ ಜೋಡಣೆಯಲ್ಲೂ ಕೂದಲೆಳೆಯಷ್ಟು ತಪ್ಪು ಇರುತ್ತದೆ. ಎಲ್ಲಾ ಒಂದೇ ಕಡೆಗೆ ಸೇರಿಕೊಂಡು, ಸುಮಾರಾಗಿ ನೇರ ಇರುವ ಗುಹೆ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ನನ್ನ 58 ಅಡಿ ಅದೇ. ನೋಡೋಕೆ ಮಾದರಿ ಎಷ್ಟು ಚೆಂದ ಇತ್ತು ಅಂದರೆ, ಕಲ್ಲಿನ ಮೇಲಿನ ಗೀರು ಸಹ ಕಾಣುತ್ತಿತ್ತು. ಆದರೆ ಪಾಟ್‌ಹೋಲ್ ಮಾತ್ರ ಕಾಡಿನಲ್ಲಿ ಎಲ್ಲೋ ಮರದ ಬುಡದಲ್ಲಿ ಇತ್ತು. ಹೆಚ್ಚು ಚಿತ್ರ ಹಾಕಿದೆ. ಸೆಕೆಂಡಿಗೆ ಎರಡು ಚಿತ್ರ ಇದ್ದಿದ್ದನ್ನು ನಾಲ್ಕು ಮಾಡಿದೆ. ಕಂಪ್ಯೂಟರ್ ಎರಡು ದಿನದ ಬದಲು ಐದು ದಿನ ಓಡಿತು, ಬಾಗುವುದು ಅಷ್ಟೇ ಬಾಗಿತು.

ನಡುವೆ ಮೀನು ಹಿಡಿಯುವವರು ದೋಣಿಗೆ ಹಾಕುವ ಸೋನಾರ್ ಒಂದನ್ನು ಕಟ್ಟಿಕೊಂಡು ಹೋಗಿ ನೋಡಿದೆ. 110 ಡಾಲರ್. ಗುಹೆಯೊಳಗೆ ಶಬ್ದ ಎಲ್ಲಾ ಕಡೆ ಬಡಿದು ವಾಪಸ್ ಬರುತ್ತದೆ, ಯಾವ ಗೋಡೆಯ ದೂರ ಹೇಳುತ್ತಿದೆ ಅಂತ ಅದಕ್ಕೇ ಗೊತ್ತಿರಲಿಲ್ಲ. ಎರಡೇ ಡೈವ್‌ಗೆ ಬಿಟ್ಟೆ.

ಆ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆ. ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಅಜ್ಜ ತೋಡಿಸಿದ ಸುರಂಗ ಇದೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಬಿಲ ಕೊರೆದರೆ ಒರತೆ ಸಿಗುತ್ತದೆ, ಪಂಪು ಇಲ್ಲದೆ ನೀರು ತಾನೇ ಹರಿದು ತೋಟಕ್ಕೆ ಬರುತ್ತದೆ. ವಿಟ್ಲ, ಮಾಣಿಲದಿಂದ ಕಾಸರಗೋಡಿನವರೆಗೂ ಇಂಥ ಸುರಂಗಗಳು ಲೆಕ್ಕವಿಲ್ಲದಷ್ಟಿವೆ. ನಾನು ಚಿಕ್ಕವನಿದ್ದಾಗ ಅಜ್ಜ ದೀಪ ಹಿಡಿದು ಮುಂದೆ ಹೋಗುತ್ತಿದ್ದರು. ದೀಪ ಸಣ್ಣಗಾದರೆ ಮಾತಿಲ್ಲದೆ ವಾಪಸ್. ಗುಹೆಯ ಕೋರ್ಸಿನ ಮೊದಲ ದಿನ, ಯಾರು ಬೇಕಾದರೂ ಯಾವಾಗ ಬೇಕಾದರೂ ಕಾರಣ ಹೇಳದೆ ಡೈವ್ ನಿಲ್ಲಿಸಬಹುದು ಅಂತ ಹೇಳಿಕೊಟ್ಟಾಗ ನನಗೆ ಆ ದೀಪವೇ ಕಂಡಿತ್ತು.

ಸುಮ್ನೆ ನೋಡೋಣ ಅಂತ ಫೋನು, ಮೂರು ಟಾರ್ಚು ಹಿಡಿದುಕೊಂಡು ಸುರಂಗವನ್ನು ಪೂರ್ತಿ ವಿಡಿಯೋ ಮಾಡಿದೆ. ಕಣಕಾಲು ಮುಳುಗುವಷ್ಟು ನೀರು. ರಾತ್ರಿ ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಅಲ್ಲೂ ಬಾಳೆಹಣ್ಣು! ಅಪ್ಪ ಪಕ್ಕದಲ್ಲಿ ಕೂತು ನೋಡಿದರು. "ಇದು ತಪ್ಪು. ಅಜ್ಜ ತೋಡಿಸಿದ್ದು ನೆಟ್ಟಗೆ. ತೋಡುವವರು ತಿರುಗಿ ತಿರುಗಿ ಬಾಯಿಯ ಬೆಳಕು ನೋಡಿಕೊಂಡೇ ಮುಂದೆ ಹೋಗೋದು. ಐವತ್ತು ಕೋಲು ಇದೆ, ಎಳೆದು ನೋಡು" ಅಂದರು. ನಮ್ಮಲ್ಲಿ ಸುರಂಗದ ಉದ್ದ ಹೇಳೋದು ಕೋಲಿನಲ್ಲಿ. ಒಂದು ಕೋಲು ಎರಡೂವರೆ ಅಡಿ.

ಮರುದಿನ ತೋಟದಿಂದ ಹಗ್ಗ ತಂದು ಕೋಲಿಗೊಂದು ಗಂಟು ಹಾಕಿ ಎಳೆದೆವು. ಗೋಡೆಗೆ ಅಲ್ಲಲ್ಲಿ ಸುಣ್ಣದಲ್ಲಿ ಗುರುತು ಹಾಕಿದೆ. ಅಳತೆ ಬಂದಿದ್ದು 48 ಕೋಲು ಚಿಲ್ಲರೆ, ಅಪ್ಪನ ಮಾತಿಗೆ ಹತ್ತಿರವೇ. ಆ ಗುರುತುಗಳ ನಡುವಿನ ದೂರ, ಬಾಯಿಯಿಂದ ಬೆಳಕು ಕಾಣುವ ದಿಕ್ಕು, ಹರಿಯುವ ನೀರಿನ ಮಟ್ಟ, ಇವನ್ನು ಲೆಕ್ಕಕ್ಕೆ ಸೇರಿಸಿ ಮತ್ತೆ ಓಡಿಸಿದೆ. ಸುರಂಗ ನೆಟ್ಟಗಾಯಿತು.

ನಾನು ಅಷ್ಟು ದಿನ ಮಾಡಿದ ತಪ್ಪು ಆಗ ಗೊತ್ತಾಯಿತು. ಅಳತೆಯನ್ನು ಕ್ಯಾಮೆರಾದಿಂದ ಕೇಳುತ್ತಿದ್ದೆ, ಕೊನೆಗೆ ದಾರದ ಜೊತೆ ಹೋಲಿಸಿ ನೋಡುತ್ತಿದ್ದೆ. ಮೊದಲು ದಾರ ಹೇಳಿದ ಅಸ್ಥಿಪಂಜರ ನಿಲ್ಲಿಸಬೇಕು. ಕ್ಯಾಮೆರಾ ಅದರ ಮೇಲೆ ಮಾಂಸ ತುಂಬಬೇಕು. ಎಕ್ಸ್‌ಲಿ ಕಾಲದಿಂದ ಗುಹೆಯವರು ಸ್ಲೇಟಿನಲ್ಲಿ ಬರೆದುಕೊಂಡು ಬರುತ್ತಿದ್ದ ಮೂರೇ ಸಂಖ್ಯೆ ಸಾಕು: ದೂರ, ದಿಕ್ಕು, ಆಳ.

ವಾಪಸ್ ಬಂದು ಇಪ್ಪತ್ತು ಕಾರ್ಡು ಮಾಡಿದೆ, ಸುಮಾರು 25 ಅಡಿಗೊಂದರಂತೆ. ಎರಡು ಕಾರ್ಡಿನ ನಡುವೆ ನಾವಿಬ್ಬರೂ ಗಂಟಿನ ದಾರದ ತುಂಡು ಹಿಡಿದು ಬಿಗಿಯಾಗಿ ಎಳೆದು ಓದೋದು. ಅದರಲ್ಲೂ ಒಂದು ಪೆಟ್ಟು ತಿಂದೆ. ಹೊಸ ನೈಲಾನ್ ದಾರಕ್ಕೆ ಒಣಗಿದ್ದಾಗಲೇ ಗಂಟು ಹಾಕಿದ್ದೆ. ನಾಲ್ಕು ಡೈವ್ ಆದ ಮೇಲೆ ಮನೆಯಲ್ಲಿ ಅಳೆದರೆ ಹತ್ತು ಅಡಿಗೆ ಎರಡು ಮೂರು ಇಂಚು ಕಡಿಮೆ. ನೆನೆದು ಕುಗ್ಗಿತ್ತು. 500 ಅಡಿಗೆ ಅದು ಹತ್ತು ಅಡಿ ತಪ್ಪು! ಈಗ ಹೊಸ ದಾರವನ್ನು ದೋಸೆಗೆ ಅಕ್ಕಿ ಹಾಕಿದ ಹಾಗೆ ರಾತ್ರಿಯಿಡೀ ನೆನೆಸಿ, ಎಳೆದು ಒಣಗಿಸಿ, ಅದನ್ನೇ ಎರಡು ಸಲ ಮಾಡಿ ಆಮೇಲೆ ಗಂಟು ಹಾಕುತ್ತೇನೆ.

ದಿಕ್ಕಿನದ್ದು ಇನ್ನೂ ಕಷ್ಟ ಕೊಟ್ಟಿತು. ದಿಕ್ಸೂಚಿ ಓದಿದಾಗೆಲ್ಲ ಬೇರೆ ಬೇರೆ ಲೆಕ್ಕ, ಕೆಲವು ಕಡೆ 8-10 ಡಿಗ್ರಿ ವ್ಯತ್ಯಾಸ. ಸ್ಟೀಲ್ ಟ್ಯಾಂಕಿನದ್ದು ಅಂದುಕೊಂಡು ಕೈ ಚಾಚಿ ಓದಿದೆ, ಸರಿಹೋಗಲಿಲ್ಲ. ಒಂದು ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ದಿಕ್ಸೂಚಿ ಇಟ್ಟು ಒಂದೊಂದೇ ಸಾಮಾನು ಹತ್ತಿರ ತಂದೆ. ದೀಪ ತಂದ ತಕ್ಷಣ ಮುಳ್ಳು ತಿರುಗಿತು. ದೀಪದ ಸ್ವಿಚ್ಚಿನೊಳಗೆ ಅಯಸ್ಕಾಂತ! ನೀರು ನುಗ್ಗಬಾರದು ಅಂತ ಎಷ್ಟೋ ದೀಪಗಳಲ್ಲಿ ಸ್ವಿಚ್ ಹಾಗೇ ಇರುತ್ತದೆ. ನಾನು ಓದುತ್ತಿದ್ದಿದ್ದು ಅದೇ ದೀಪ ಹಿಡಿದುಕೊಂಡು. ಈಗ ಚೌಕಟ್ಟನ್ನು ಕಲ್ಲಿನ ಮೇಲೆ ಇಟ್ಟು, ನಾಲ್ಕಡಿ ಈಚೆ ಬಂದು, ಮುಂಭಾಗ ತಿರುಗಿಸಿ ಹಚ್ಚುವ, ಅಯಸ್ಕಾಂತ ಇಲ್ಲದ ಸಣ್ಣ ದೀಪದಲ್ಲಿ ಓದುತ್ತೇನೆ. ಆಮೇಲೆ ದಿಕ್ಸೂಚಿ ತೋರಿಸುವ ಉತ್ತರ ಇಲ್ಲಿ ನಿಜವಾದ ಉತ್ತರಕ್ಕಿಂತ 5-6 ಡಿಗ್ರಿ ಪಶ್ಚಿಮಕ್ಕಿದೆ, ಅದನ್ನು ಕಳೆಯಬೇಕು. ಮೊದಲ ಸಲ ಅದನ್ನು ಕಳೆಯುವ ಬದಲು ಕೂಡಿಸಿದ್ದೆ. ಅದರಿಂದ ಒಂದು ವಾರ ಹಾಳು.

ಮೂರು ಕ್ಯಾಮೆರಾಗಳ ಸಮಯ ಹೊಂದಿಸೋಕೆ ಮಾತ್ರ ಮೊದಲ ಸಲವೇ ಒಳ್ಳೇ ಉಪಾಯ ಹೊಳೆಯಿತು. ಶುರು ಮಾಡುವ ಮೊದಲು ಬೋಲ್ಟ್ ಸ್ನ್ಯಾಪ್ ಅನ್ನೋ ಲೋಹದ ಕೊಕ್ಕೆಯಿಂದ ಟ್ಯಾಂಕಿಗೆ ಮೂರು ಏಟು. ಟಣ್, ಟಣ್, ಟಣ್. ಮೂರೂ ವಿಡಿಯೋಗಳ ಶಬ್ದದ ಗೆರೆಯಲ್ಲಿ ಆ ಮೂರು ಏಟು ಮೊಳೆಗಳ ಹಾಗೆ ಎದ್ದು ಕಾಣುತ್ತವೆ. ಅವನ್ನು ಸಾಲಾಗಿ ಇಟ್ಟರೆ ಆಯಿತು. ಇದಕ್ಕೆ ದುಡ್ಡು ಕೊಟ್ಟು ಸಾಮಾನು ತಗೊಂಡವರಿದ್ದಾರೆ.

ತಂತ್ರಾಂಶಕ್ಕೆ ನಾನು ಒಂದು ಪೈಸೆ ಕೊಟ್ಟಿಲ್ಲ. ಕಾರ್ಡು, ಅಳತೆಯ ಗುರುತು ಎಲ್ಲಾ ಸೇರಿಸಲು ಬಿಡುವ ಅಂಗಡಿಯ ತಂತ್ರಾಂಶಕ್ಕೆ ಮೂರೂವರೆ ಸಾವಿರ ಡಾಲರ್ ಕೇಳುತ್ತಾರೆ. ನಾನು ಚಿತ್ರ ಜೋಡಿಸಲು ಕೋಲ್‌ಮ್ಯಾಪ್ ಬಳಸಿದೆ, ನೋಡಲು ಕ್ಲೌಡ್‌ಕಂಪೇರ್. ಎರಡೂ ಉಚಿತ. ಕಾರ್ಡ್ ಗುರುತಿಸಲು ಓಪನ್‌ಸಿವಿ ಇದೆ. ದಾರದ ಅಳತೆಗೆ ಎಷ್ಟು ಮಹತ್ವ ಕೊಡಬೇಕು, ಚಿತ್ರಕ್ಕೆ ಎಷ್ಟು ಅಂತ ತೂಗುವ ಭಾಗವನ್ನು ನಾನೇ ಬರೆದೆ, ಒಂದು ಮುನ್ನೂರು ಸಾಲು ಇರಬಹುದು. ಆ ತೂಕದ ಲೆಕ್ಕವನ್ನು ಸದ್ಯಕ್ಕೆ ಕೊಡುವುದಿಲ್ಲ. ಇನ್ನೊಂದು ಗುಹೆಯಲ್ಲೂ ಸರಿ ಬಂದರೆ ಆಮೇಲೆ ನೋಡೋಣ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಹಳೇ ಆಕ್ಷನ್ ಕ್ಯಾಮೆರಾ ಮೂರಕ್ಕೆ 450 ಡಾಲರ್. ದೀಪ ಎರಡೂ ಸಲ ಸೇರಿ 1,170. ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು, ಮೆಮೊರಿ 700. ಪೈಪು, ಕ್ಲಾಂಪು, ಕಾರ್ಡು, ಸೋನಾರ್ ಎಲ್ಲಾ 200ರ ಮೇಲೆ. 41 ಡೈವ್, ಪೆಟ್ರೋಲು ಗಾಳಿ ಪ್ರವೇಶ ಸೇರಿ ಒಂದಕ್ಕೆ 80. ಒಟ್ಟು 6 ಸಾವಿರದ ಹತ್ತಿರ, ಅಂದರೆ ಐದು ಲಕ್ಷ ರೂಪಾಯಿ. ಮೊದಲೇ ತಿಳಿದಿದ್ದರೆ ಸುಮಾರು ಅರ್ಧದಲ್ಲಿ ಮುಗಿಯುತ್ತಿತ್ತು. ತರಬೇತಿ, ಡೈವ್ ಸಾಮಾನು ಇದರಲ್ಲಿ ಸೇರಿಲ್ಲ.

ಕೊನೆಯ ಪರೀಕ್ಷೆ ನೆಲದ ಮೇಲೆ. ಆ ಪಾರ್ಕಿನಲ್ಲಿ ಕಾಡಿನೊಳಗೆ ಒಂದು ಕಾಲುದಾರಿ ಇದೆ, ಕೆಳಗೆ ಗುಹೆ ಹೋದ ಹಾಗೇ ಮೇಲೆ ಅದೂ ಹೋಗುತ್ತದೆ. ಭೂಮಿ ಸರ್ವೆ ಕೆಲಸ ಮಾಡುವ ಕನ್ನಡದ ಗೆಳೆಯರೊಬ್ಬರು ಒಂದು ಭಾನುವಾರ ತಮ್ಮ ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಸರ್ವೆ ಯಂತ್ರ) ತಂದರು. ಮರಗಳ ಕೆಳಗೆ ಜಿಪಿಎಸ್ ನಂಬುವ ಹಾಗಿಲ್ಲ. ಕೂಲಿ ಅಂತ ಅವರು ಕೇಳಿದ್ದು ಬಿಸಿಬೇಳೆಬಾತ್. ಪೀಕಾಕ್ ಬಾಯಿಯಿಂದ ಪಾಟ್‌ಹೋಲ್ ಗುಂಡಿಯವರೆಗೆ ಕಾಡಿನಲ್ಲಿ ಅಳೆದುಕೊಂಡು ಹೋದೆವು. ಹಿಂದಿನ ದಿನ ಪಾಟ್‌ಹೋಲ್ ನೀರಿಗೆ ತೂಕ ಕಟ್ಟಿದ ದಾರ ಇಳಿಸಿ ಅದರ ತುದಿಗೂ ಒಂದು ಕಾರ್ಡು ಹಾಕಿದ್ದೆವು. ಕೆಳಗಿನಿಂದ ಕ್ಯಾಮೆರಾ ಅದನ್ನು ನೋಡಿತ್ತು. ಸಂಜೆ ಎರಡನ್ನೂ ಒಂದರ ಮೇಲೊಂದು ಇಟ್ಟಾಗ ಹೆಂಡತಿ, ಮಗಳು, ಜೊತೆಗಾರ ಎಲ್ಲಾ ಸುತ್ತ ನಿಂತಿದ್ದರು. 3 ಅಡಿ 4 ಇಂಚು. ಆಳದಲ್ಲಿ ಒಂದು ಅಡಿಯೂ ಇಲ್ಲ.

ಹಿರಿಯರಿಗೆ ಟ್ಯಾಬ್‌ನಲ್ಲಿ ತೋರಿಸಿದೆ. ತುಂಬಾ ಹೊತ್ತು ಬೆರಳಿನಿಂದ ತಿರುಗಿಸುತ್ತಾ ಕೂತರು. ಒಂದು ಕಡೆ ನಿಲ್ಲಿಸಿ, ಸೂರಿನ ಈ ಬಿರುಕನ್ನು ತಾನು ಎಷ್ಟೋ ಸಲ ಕೆಳಗಿನಿಂದ ಹಾದುಹೋಗಿದ್ದರೂ ನೋಡಿರಲಿಲ್ಲ ಅಂದರು. ಆಮೇಲೆ, ಮುಂದಿನ ಸಲ ಅವರೂ ಬರುತ್ತಾರಂತೆ. ರೀಬ್ರೀದರ್ ಹಾಕಿಕೊಂಡು ಸೂರಿನ ಭಾಗ ಮಾಡಿಕೊಡುತ್ತಾರಂತೆ.

ಪಾಟ್‌ಹೋಲ್‌ನಿಂದ ಆಚೆಗೆ ಓಲ್ಸೆನ್ ಗುಂಡಿಯವರೆಗೆ ಹೋಗಬೇಕು ಅಂತ ಇದೆ. ಹೊಸ ಕಾರ್ಡುಗಳು ಲ್ಯಾಮಿನೇಟ್ ಆಗಿ ಕೂತಿವೆ, ದಾರ ನೆನೆಸಿ ಗಂಟು ಹಾಕಿ ಆಗಿದೆ. ಆದರೆ ಈಗ ಸುವಾನಿ ತುಂಬಿ ಹರಿಯುತ್ತಿದೆ. ನದಿ ಏರಿದರೆ ಬುಗ್ಗೆ ಉಲ್ಟಾ ಹರಿಯುತ್ತದೆ, ಚಹಾದ ಬಣ್ಣದ ನೀರು ಗುಹೆಯೊಳಕ್ಕೆ ನುಗ್ಗುತ್ತದೆ. ದಿನಾ ಬೆಳಿಗ್ಗೆ ಎದ್ದು ನದಿಯ ಮಟ್ಟ ನೋಡುತ್ತೇನೆ. ಇವತ್ತು ಅರ್ಧ ಅಡಿ ಇಳಿದಿದೆ.